ಹದಿನೇಳರಿಂದ ಭಾಗಿಸುವಾಗ

ಫೆಬ್ರವರಿ 11, ಬುಧವಾರ
ಮಧ್ಯಾಹ್ನದ ಸ್ಟಡಿ ಅವರ್

ಪ್ರೀತಿಯ ಅಕ್ಕ,

ಕವರಿನ ಮೇಲಿನ ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀಯ. ನಾನೇ, ನಿನ್ನ ಇಲಿಮರಿ. ನಾಲ್ಕು ವರ್ಷದಿಂದ ಒಂದು ಸಾಲೂ ಬರೆಯದವಳು ಈಗ ಯಾಕೆ ಬರೆದಳು ಅಂತ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿನ್ನ ವಿಳಾಸ ಅಮ್ಮ ಕೊಟ್ಟದ್ದು. ಕೊಟ್ಟದ್ದು ಅಂದರೆ ಬರೆದುಕೊಟ್ಟದ್ದಲ್ಲ. ನಾನು ಹಾಸ್ಟೆಲಿಗೆ ಹೊರಟ ದಿನ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಮಗ್ಗಿ ಒಪ್ಪಿಸಿಕೊಂಡ ಹಾಗೆ ಬಾಯಿಪಾಠ ಮಾಡಿಸಿದಳು. "ಎಲ್ಲೂ ಬರ್ಕೋಬೇಡ, ಅಪ್ಪನ ಕಣ್ಣಿಗೆ ಬಿದ್ದೀತು. ಬೇಕಾದಾಗ ತಾನಾಗೇ ಬಾಯಿಗೆ ಬರುತ್ತೆ" ಅಂದಳು. ಇವತ್ತು ಬೇಕಾಯಿತು. ಬಂತು.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಇಲ್ಲಿ ನಮ್ಮ ಫೋನೆಲ್ಲ ವಾರ್ಡನ್ ಮೇಡಂ ಕಪಾಟಿನಲ್ಲಿ. ಭಾನುವಾರ ಮಾತ್ರ ಕೊಡುತ್ತಾರೆ, ಅದೂ ಅವರ ಮೇಜಿನ ಎದುರು ನಿಂತೇ ಮಾತಾಡಬೇಕು. ಅವರು ಸ್ವೆಟರ್ ಹೆಣೆಯುತ್ತಾ ತಲೆ ಎತ್ತುವುದಿಲ್ಲ, ಆದರೆ ಕಿವಿ ಮಾತ್ರ ನಮ್ಮ ಕಡೆಗೇ ತಿರುಗಿರುತ್ತೆ. ಹೆದರಿಕೆಯನ್ನು ಹಾಗೆ ಗಟ್ಟಿಯಾಗಿ ಹೇಳೋಕಾಗಲ್ಲ ಅಕ್ಕ. ಕಾಗದವೇ ವಾಸಿ.

ವಿಷಯ ಇಷ್ಟೇ: ಮುಂದಿನ ತಿಂಗಳು ಕೆಮಿಸ್ಟ್ರಿ ಪರೀಕ್ಷೆ. ಅದೇ, ನೀನು ಬರೆದದ್ದೇ. ಈಗಲೂ ಹಾಗೇ ಇದೆ. ಎಲ್ಲ ಕಾಲೇಜಿಗೂ ಒಂದೇ ಪೇಪರು, ಪ್ರತಿ ಪ್ರಶ್ನೆಗೂ ನಾಲ್ಕು ಆಪ್ಶನ್ನು, ಕೊನೆಯ ಪುಟದಲ್ಲಿ ಮೂಲವಸ್ತುಗಳ ಕೋಷ್ಟಕ, ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ಕ್ಯಾಲ್ಕುಲೇಟರ್ ನಿಷೇಧಿಸಲಾಗಿದೆ". ಕಟ್-ಆಫ್ ದಾಟಿದವರು ಎರಡನೇ ವರ್ಷಕ್ಕೆ, ದಾಟದವರು ಹಾಸ್ಟೆಲ್ ಖಾಲಿ ಮಾಡಿ ಮನೆಗೆ. ಮನೆಗೆ ಅಂದರೆ ಯಾವ ಮನೆಗೆ ಅಂತ ನಿನಗೆ ಗೊತ್ತು.

ನಮಗೆ ಪಾಠ ಮಾಡುವವರನ್ನು ಎಲ್ಲರೂ ಅಂದಾಜು ಸರ್ ಅಂತಲೇ ಕರೆಯುವುದು. ಕ್ಲಾಸಿನ ಬಾಗಿಲಲ್ಲಿ ಒಂದು ನೀಲಿ ಬಕೆಟ್ ಇಟ್ಟಿರುತ್ತಾರೆ. ಒಳಗೆ ಬರುವಾಗ ಕ್ಯಾಲ್ಕುಲೇಟರ್ ಅದರೊಳಗೆ ಹಾಕಿ ಬರಬೇಕು. ಜನವರಿಯಿಂದ ಇದೇ ನಿಯಮ. ಯಾವ ಲೆಕ್ಕ ಕೊಟ್ಟರೂ ಪೆನ್ ಮುಟ್ಟುವ ಮೊದಲು ಎದ್ದು ನಿಂತು ಉತ್ತರ ಎಷ್ಟರ ಹತ್ತಿರ ಇರಬಹುದು ಅಂತ ಬಾಯಲ್ಲಿ ಹೇಳಬೇಕು. "ಹತ್ತರ ಒಳಗಾ, ಹೊರಗಾ?" ಇದು ಅವರ ಮಂತ್ರ. "ಆಪ್ಶನ್ನುಗಳು ಒಂದಕ್ಕೊಂದು ಮೈಲಿ ದೂರ ನಿಂತಿರ್ತವೆ ಕಣ್ರೋ. ನೀವು ಸರಿಯಾದ ಬೀದಿಗೆ ಹೋದ್ರೆ ಸಾಕು, ಮನೆ ನಂಬರ್ ಯಾಕೆ ಹುಡುಕ್ತೀರಿ?" ಅನ್ನುತ್ತಾರೆ. 6.02 ಇದ್ದರೆ ಆರು ಅಂದುಕೊಳ್ಳಿ. 22.4 ಇದ್ದರೆ ಇಪ್ಪತ್ತೆರಡು ಅಂದುಕೊಳ್ಳಿ. ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ರೂಮ್‌ಮೇಟ್ ಒಬ್ಬಳಿದ್ದಾಳೆ, ಪಟಪಟಿ ಅಂತ ಎಲ್ಲರೂ ಕರೆಯೋದು, ಸರ್ ಪ್ರಶ್ನೆ ಓದಿ ಮುಗಿಸುವ ಮೊದಲೇ "ಒಳಗೆ ಸರ್!" ಅಂತ ಕೂಗುತ್ತಾಳೆ. ಅರ್ಧ ಸಲ ತಪ್ಪು. ಅವಳಿಗೆ ಅದೊಂದು ಚಿಂತೆಯೇ ಅಲ್ಲ. "ತಪ್ಪಾದ್ರೆ ಹೊರಗೆ, ಅಷ್ಟೇ ತಾನೇ?" ಅಂತ ನಗುತ್ತಾಳೆ.

ನನಗೆ ಅಂದುಕೊಳ್ಳೋಕೆ ಬರಲ್ಲ ಅಕ್ಕ.

ಯಾಕೆ ಬರಲ್ಲ ಅಂತ ಜಗತ್ತಿನಲ್ಲಿ ಇನ್ನೊಬ್ಬರಿಗೆ ಗೊತ್ತಾಗುವುದಾದರೆ ಅದು ನಿನಗೇ. ತೂಕ-ಅಳತೆ ಇನ್ಸ್‌ಪೆಕ್ಟರ್ ಮನೆಯಲ್ಲಿ ಬೆಳೆದವರು ನಾವು. ಬೇರೆ ಮನೆಯ ಮಕ್ಕಳು ಕೆಟ್ಟ ಮಾತಾಡಿದರೆ ಪೆಟ್ಟು ತಿನ್ನುತ್ತಿದ್ದರು, ನಮ್ಮ ಮನೆಯಲ್ಲಿ 'ಸುಮಾರು' ಅನ್ನುವುದೇ ಕೆಟ್ಟ ಮಾತು. ಗಂಟೆ ಎಷ್ಟು ಅಂದರೆ "ಎಂಟೂವರೆ ಇರಬಹುದು" ಅನ್ನುವ ಹಾಗಿಲ್ಲ, ಎದ್ದು ಹೋಗಿ ಗಡಿಯಾರ ನೋಡಿ ಬಂದು "ಎಂಟು ಇಪ್ಪತ್ತೇಳು" ಅನ್ನಬೇಕು. "ಇರಬಹುದು ಅನ್ನೋನು ಇವತ್ತು ಐದು ಗ್ರಾಂ ಕದೀತಾನೆ, ನಾಳೆ ಕಿಲೋ ಕದೀತಾನೆ." ಅಪ್ಪನ ಆ ಮಾತು ನನಗೆ ನಿದ್ದೆಯಲ್ಲೂ ಕೇಳಿಸುತ್ತದೆ. ಅವರ ಹಿತ್ತಾಳೆ ತೂಕಗಳ ಪೆಟ್ಟಿಗೆ ನೆನಪಿದೆಯಾ, ಒಳಗೆ ಕೆಂಪು ಮಖಮಲ್ಲು? ಒಂದು ಸಲ ನಾನು ಬೆರಳಲ್ಲಿ ಮುಟ್ಟಿದ್ದಕ್ಕೆ ಅವರು ಬೈಯಲಿಲ್ಲ. ಕರ್ಚೀಫಿನಿಂದ ತೂಕ ಒರೆಸಿ, "ಬೆರಳಿನ ಬೆವರಿಗೂ ತೂಕ ಇದೆಯಮ್ಮ" ಅಂದರು. ಈಗ ಪರೀಕ್ಷೆಗೆ ಕೂತಾಗಲೆಲ್ಲ ನನ್ನ ಅಂಗೈ ಬೆವರುತ್ತದೆ, ಆ ಮಾತು ನೆನಪಾಗುತ್ತದೆ, ಇನ್ನಷ್ಟು ಬೆವರುತ್ತದೆ.

ಕ್ಯಾಲ್ಕುಲೇಟರ್ ಇರುವವರೆಗೆ ನನ್ನ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಅದು ಎಂಟು ಅಂಕಿ ತೋರಿಸಿದರೆ ನಾನು ಎಂಟನ್ನೂ ಬರೆಯುತ್ತಿದ್ದೆ. "ಇದೇನಮ್ಮ ಉತ್ತರಾನೋ ಫೋನ್ ನಂಬರೋ?" ಅಂತ ಸರ್ ತಮಾಷೆ ಮಾಡುತ್ತಿದ್ದರು, ಮಾರ್ಕ್ಸಂತೂ ಬರುತ್ತಿತ್ತು. ಈಗ ಎಂಟು ಅಂಕಿಯನ್ನೂ ಕೈಯಲ್ಲೇ ತೆಗೆಯುತ್ತಿದ್ದೇನೆ. ಎಲ್ಲರೂ ಮೂವತ್ತನೇ ಪ್ರಶ್ನೆಯಲ್ಲಿದ್ದರೆ ನಾನು ಒಂಬತ್ತನೆಯದರಲ್ಲಿ. ನಿಲ್ಲಿಸಬೇಕು ಅಂತ ತಲೆಗೆ ಗೊತ್ತಿದೆ, ಕೈಗೆ ಗೊತ್ತಿಲ್ಲ. ಶೇಷ ಉಳಿದಿರುವಾಗ ಪೆನ್ ಎತ್ತಿದರೆ ಏನೋ ಕದ್ದ ಹಾಗೆ ಅನ್ನಿಸುತ್ತದೆ. ಹೋದ ವಾರದ ಮಾಕ್ ಟೆಸ್ಟ್ ಸ್ವಲ್ಪ ಕಷ್ಟವಾಯಿತು.

ಅದಕ್ಕೇ ಕೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ನೀನು ಅವತ್ತು ಯಾಕೆ ಎದ್ದು ಬಂದೆ? ನಾನಾಗ ಚಿಕ್ಕವಳು, ನನಗೆ ಗೊತ್ತಿರುವುದು ಮನೆಯಲ್ಲಿ ಕೇಳಿದ್ದಷ್ಟೇ. ಕಾಲೇಜಿಗೇ ಫಸ್ಟ್ ಬರುತ್ತಿದ್ದ ಹುಡುಗಿ ಅರ್ಧ ಪರೀಕ್ಷೆಗೇ ಹೊರಗೆ ಬಂದಳು, ಗೇಟಿನಲ್ಲಿ ಕಾಯುತ್ತಿದ್ದ ಅಪ್ಪನ ಮುಖ ನೋಡಿ ನಕ್ಕಳು, "ಸಾಕು ಅನ್ನಿಸ್ತು ಅಪ್ಪ" ಅಂದಳು. ಅಹಂಕಾರ ಅಂದರು ಎಲ್ಲರೂ. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ತೂಕದ ಕಲ್ಲಿನ ತಳದ ಕುಳಿಗೆ ಸೀಸ ತುಂಬಿ ಸರ್ಕಾರಿ ಮುದ್ರೆ ಒತ್ತುತ್ತಾರಲ್ಲ, ಹಾಗೆ ಮುಚ್ಚಿಕೊಂಡುಬಿಟ್ಟರು. ನೀನು ಕೆಲಸ ಹುಡುಕಿಕೊಂಡು ಊರು ಬಿಟ್ಟ ಮೇಲೂ ಆ ಮುದ್ರೆ ಒಡೆದಿಲ್ಲ. ಈಗಲೂ ಊಟದ ಮೇಜಿನಲ್ಲಿ ನಿನ್ನ ಕುರ್ಚಿ ಅಲ್ಲೇ ಇದೆ, ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತಾರೆ.

ನಾನು ಕಟ್-ಆಫ್ ದಾಟದಿದ್ದರೆ ನನ್ನ ಕುರ್ಚಿಯ ಮೇಲೆ ಏನಿಡುತ್ತಾರೋ.

ನಿಜ ಏನು ಅಂತ ನನಗೆ ಬರಿ ಅಕ್ಕ. ಬೈದಾದರೂ ಬರಿ.

ನಿನ್ನ,
ಇಲಿಮರಿ

ತಾ.ಕ: ಮಾಕ್ ಟೆಸ್ಟ್ ಸ್ವಲ್ಪ ಕಷ್ಟವಾಯಿತು ಅಂದದ್ದು ಸುಳ್ಳು. ನಾನೂ ಮಧ್ಯದಲ್ಲೇ ಎದ್ದು ಬಂದೆ. ಕಾರಿಡಾರಿನ ನೀರಿನ ಫಿಲ್ಟರ್ ಹಿಂದೆ ಕೂತಿದ್ದೆ, ಹೊಟ್ಟೆನೋವು ಅಂತ ವಾರ್ಡನ್ ಮೇಡಂಗೆ ಹೇಳಿದೆ. ಆಮೇಲೆ ಕನ್ನಡಿ ನೋಡಿಕೊಂಡಾಗ ನನ್ನ ಮುಖದಲ್ಲಿ ಒಂದು ನಗು ಇತ್ತು ಅಕ್ಕ. ನಾನು ನಕ್ಕಿರಲಿಲ್ಲ. ಅದಾಗಿಯೇ ಬಂದು ಕೂತಿತ್ತು.

*

ಫೆಬ್ರವರಿ 23, ಸೋಮವಾರ
ಲೈಬ್ರರಿಯ ಹಿಂದಿನ ಮೆಟ್ಟಿಲು

ನನ್ನ ಒಬ್ಬಳೇ ಅಕ್ಕನಿಗೆ,

ನಿನ್ನ ಕಾಗದ ಬಂದಾಗ ಪಟಪಟಿ ಕೈಯಿಂದ ಕಿತ್ತುಕೊಂಡು, "ಯಾರೇ ಇದು, ಅಕ್ಷರ ನೋಡಿದ್ರೆ ಡಾಕ್ಟ್ರು ಬರೆದಂಗಿದೆ!" ಅಂದಳು. ನಮ್ಮಕ್ಕ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸ್ತಾಳೆ ಅಂದೆ. ಮೊದಲನೇ ಸಲ ಹೊರಗಿನವರ ಮುಂದೆ ನಿನ್ನ ವಿಷಯ ಹೇಳಿದ್ದು. ಏನೂ ಆಗಲಿಲ್ಲ. ಸೂರು ಬೀಳಲಿಲ್ಲ.

ಆಮೇಲೆ ಇಲ್ಲಿ ಬಂದು ಓದಿಕೊಂಡೆ. "ಇಲಿಮರಿ, ಓಡೋ ಮೊದಲು ಬೆಕ್ಕು ಎಲ್ಲಿದೆ ಅಂತ ನೋಡೇ" ಅಂತ ಶುರು ಮಾಡಿದ್ದೀಯಲ್ಲ, ನನಗೆ ನಗುವೂ ಬಂತು ಅಳುವೂ ಬಂತು. ನಾಲ್ಕು ವರ್ಷ ನಿನ್ನ ಧ್ವನಿ ಮರೆತಿದ್ದೆ ಅಂದುಕೊಂಡಿದ್ದೆ. ಒಂದು ಸಾಲಿಗೇ ಬಂದುಬಿಟ್ಟಿತು.

ಮುಂದಿನದನ್ನು ಮಾತ್ರ ಬೆರಳಿಟ್ಟು ಓದಿದೆ, ಅವತ್ತಿನ ನಿನ್ನ ಪರೀಕ್ಷೆಯ ಪ್ರಶ್ನೆ. ಮೂರು ಗ್ರಾಂ ಅಮೋನಿಯಾ. ಅದರ ಅಣುತೂಕ ಹದಿನೇಳು, ಹದಿನೇಳರಿಂದ ಭಾಗಿಸಬೇಕು. ಬಿಂದುವಿನ ಆಚೆ ಒಂದು, ಏಳು, ಆರು, ನಾಲ್ಕು, ಏಳು... ಶೇಷ ಹೋಗುತ್ತಲೇ ಇಲ್ಲ, ನೀನು ಬಿಡುತ್ತಲೂ ಇಲ್ಲ. ರಫ್ ಹಾಳೆಯ ಒಂದು ಬದಿ ತುಂಬಿ ಮಗುಚಿ ಹಾಕಿದೆ ಅಂತ ಬರೆದಿದ್ದೀಯ. ಅರ್ಧ ಸಮಯದ ಗಂಟೆ ಹೊಡೆದಾಗ ತಲೆ ಎತ್ತಿ ಆಪ್ಶನ್ ನೋಡಿದೆಯಂತೆ: 0.018, 0.18, 1.8, 18. ಉತ್ತರ ಎರಡನೇ ಅಂಕಿಯಲ್ಲೇ ಬಂದು ಕೂತಿತ್ತು, ನೀನು ಅದನ್ನು ದಾಟಿಕೊಂಡು ಎಷ್ಟೋ ದೂರ ಹೋಗಿದ್ದೆ. "ಅಳು ಬರಬೇಕಾದ ಜಾಗದಲ್ಲಿ ನಗು ಬಂತು ಕಣೇ. ಆ ನಗು ಗೇಟಿನವರೆಗೂ ಇಳೀಲೇ ಇಲ್ಲ" ಅಂತ ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಇಷ್ಟಕ್ಕೇ ನಿನ್ನನ್ನು ಅಹಂಕಾರಿ ಅಂದೆವಲ್ಲ.

ಆಮೇಲೆ ನೀನು ಆಣೆ ಹಾಕಿದ್ದೀಯ, ಅಪ್ಪನಿಗೆ ಇದನ್ನು ಹೇಳಬೇಡ ಅಂತ. "ಹೇಳಿದ್ರೆ ಏನಾಗುತ್ತೆ ಗೊತ್ತಾ? ತಾನು ಕಲಿಸಿದ್ದೇ ಮಗಳನ್ನ ಮುಳುಗಿಸ್ತು ಅಂತ ಅವರಿಗೆ ಅರ್ಥ ಆಗುತ್ತೆ. ಜೀವಮಾನವೆಲ್ಲ ಬೇರೆಯವರ ತಕ್ಕಡಿ ನೋಡಿದ ಮನುಷ್ಯ, ಆಮೇಲೆ ತನ್ನನ್ನೇ ತೂಗಿಕೊಂಡು ಕೂರ್ತಾರೆ. ನನಗೆ ಸೊಕ್ಕು ಅಂದುಕೊಂಡಿರಲಿ ಬಿಡು. ಅದು ಅವರಿಗೆ ಹಗುರ."

ಸರಿ ಅಕ್ಕ. ಹೇಳಲ್ಲ. ಆದರೆ ಇದನ್ನು ಒಳಗಿಟ್ಟುಕೊಂಡು ಭಾನುವಾರದ ಫೋನಿನಲ್ಲಿ ಅವರ ಹತ್ತಿರ ಮಾತಾಡುವುದು ಎಷ್ಟು ಕಷ್ಟ ಅಂತ ನಿನಗೇ ಗೊತ್ತಲ್ಲ, ನೀನು ಇದನ್ನು ನಾಲ್ಕು ವರ್ಷ ಒಳಗಿಟ್ಟುಕೊಂಡಿದ್ದೀಯ.

ನೀನು ಹೇಳಿದ ಅಭ್ಯಾಸ ಶುರು ಮಾಡಿದ್ದೇನೆ. ಹೊಸಬರ ಪಕ್ಕದಲ್ಲಿ ಕೂರುವಾಗ ನಿನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ ಅಂದೆಯಲ್ಲ, ಅವರು ಸ್ಟೇರಿಂಗ್ ಹಿಡಿದು ಕಲ್ಲಾಗಿಬಿಟ್ಟಾಗ ನೀನು ಒತ್ತುವುದು. ನಾನು ಭಾಗಾಕಾರ ಮಾಡುವಾಗ ಬಲಗಾಲಿನ ಕೆಳಗೆ ಅಂಥದೊಂದು ಇದೆ ಅಂದುಕೊಳ್ಳಬೇಕು, ಎರಡು ಅಂಕಿ ಬಂದ ತಕ್ಷಣ ಒತ್ತಬೇಕು, ಪೆನ್ ಎತ್ತಬೇಕು. "ರಿವರ್ಸ್ ಹಾಕುವಾಗ ಯಾರಾದ್ರೂ ಸ್ಕೇಲ್ ಹಿಡಿದು ಇಳೀತಾರೇನೇ?" ಅಂತ ಕೇಳಿದ್ದೀಯ. ಅಪ್ಪ ಇಳಿಯುತ್ತಿದ್ದರು ಅಕ್ಕ. ಸ್ಕೂಟರ್ ನಿಲ್ಲಿಸಿ, ಇಳಿದು, ಗೋಡೆಗೆ ಎಷ್ಟು ಜಾಗ ಬಿಟ್ಟಿದೆ ಅಂತ ಗೇಣು ಹಾಕುತ್ತಿದ್ದರು. ಮರೆತೆಯಾ?

ಅಭ್ಯಾಸದ ಫಲಿತಾಂಶ ಕೇಳು. ಎರಡು ಅಂಕಿಗೆ ನಿಲ್ಲಿಸುತ್ತೇನೆ, ಮುಂದಿನ ಲೆಕ್ಕಕ್ಕೆ ಹೋಗುತ್ತೇನೆ, ಅದನ್ನೂ ಮಾಡುತ್ತೇನೆ. ಆದರೆ ಬಿಟ್ಟು ಬಂದ ಶೇಷ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತದೆ. ಬಾತ್‌ರೂಮಿಗೆ ಅಂತ ಎದ್ದು ಹೋಗಿ ಸೋಪಿನ ಮೇಲೆ ಉಗುರಿನಿಂದ ಉಳಿದದ್ದನ್ನು ಮಾಡಿ ಮುಗಿಸುತ್ತೇನೆ. ನಿನ್ನೆ ಪಟಪಟಿ ಸೋಪು ಹಿಡಿದುಕೊಂಡು ಹೊರಗೆ ಬಂದಳು. "ಏನೇ ಇದು, ಸೋಪಿಗೂ ಹಾಲ್ ಟಿಕೆಟ್ ಬಂದಿದೆಯಲ್ಲ!" ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಂದಾಜು ಸರ್‌ಗೆ ಅನುಮಾನ ಬಂದಿದೆ ಅನ್ನಿಸುತ್ತೆ. ಶುಕ್ರವಾರ ನನ್ನನ್ನೇ ಎಬ್ಬಿಸಿ ಒಂದು pH ಲೆಕ್ಕ ಕೊಟ್ಟರು. ಅದು ನಾಲ್ಕಕ್ಕೂ ಐದಕ್ಕೂ ನಡುವೆ ಎಲ್ಲೋ ಇರಬೇಕು ಅಂತ ನನಗೆ ಗೊತ್ತು. ಇಡೀ ಕ್ಲಾಸಿಗೆ ಗೊತ್ತು. ಆದರೆ 'ಎಲ್ಲೋ' ಅನ್ನುವುದನ್ನು ಬಾಯಿಂದ ಹೊರಡಿಸೋಕೇ ಆಗಲಿಲ್ಲ. ಸರ್ ಕೂರಿಸಲಿಲ್ಲ, ಬೈಯಲೂ ಇಲ್ಲ. "ಸರಿ ಉತ್ತರ ಬೇಡ ಬಿಡು. ಒಂದು ತಪ್ಪು ಉತ್ತರ ಹೇಳು. ಬೇಕಂತಲೇ ತಪ್ಪು ಹೇಳು, ಕೇಳೋಣ" ಅಂದರು. ಅದೂ ಬರಲಿಲ್ಲ ಅಕ್ಕ. ಕೊನೆಗೆ ಅವರೇ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಇಷ್ಟು ಹೆದರಿಕೆ ಯಾರು ಕೊಟ್ಟರಮ್ಮ ನಿನಗೆ?" ಅಂತ ಕೇಳಿದರು. ಯಾರೂ ಕೊಟ್ಟಿಲ್ಲ ಸರ್ ಅಂದೆ. ಅಷ್ಟು ಮಾತ್ರ ಥಟ್ಟನೆ ಬಂತು.

ನಿಜಕ್ಕೂ ಯಾರೂ ಕೊಟ್ಟಿಲ್ಲವಲ್ಲ? ಅಪ್ಪ ನಮಗೆ ಒಂದು ಏಟೂ ಹೊಡೆದವರಲ್ಲ. ಜ್ವರ ಬಂದರೆ ಥರ್ಮಾಮೀಟರ್ ಹಿಡಿದುಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದರು. ಆದರೂ ನಿನ್ನೆ ಫೋನಿನಲ್ಲಿ ಅವರು, "ಪರೀಕ್ಷೆ ದಿನ ಗೇಟ್ ಹತ್ತಿರ ಎಂಟು ನಲವತ್ತಕ್ಕೆ ಇರ್ತೀನಿ" ಅಂದಾಗ ನಾನು ವಾರ್ಡನ್ ಮೇಡಂ ಮೇಜಿನ ಅಂಚು ಹಿಡಿದುಕೊಂಡೆ. ಅದೇ ಗೇಟು ಅಕ್ಕ. ನಿನ್ನದೇ ಸೆಂಟರು.

ಹೆದರಿಕೊಂಡೇ ಓದುತ್ತಿರುವ,
ಇಲಿಮರಿ

ತಾ.ಕ: ಇವತ್ತಿನ ಮಾಕ್ ಟೆಸ್ಟಿಗೆ ಬಾಗಿಲ ಪಕ್ಕದ ಸೀಟು ಕೇಳಿ ತೆಗೆದುಕೊಂಡಿದ್ದೆ. ಗಾಳಿ ಚೆನ್ನಾಗಿ ಬರುತ್ತೆ ಅಂತ ಹೇಳಿದೆ. ನೀನಾದರೂ ನಂಬಬೇಡ.

*

ಮಾರ್ಚ್ 15, ಭಾನುವಾರ
ಬಸ್ ನಿಲ್ದಾಣದ ಕ್ಯಾಂಟೀನು

ಅಕ್ಕ,

ಮುಗಿಯಿತು. ಎರಡು ಗಂಟೆ ಹಿಂದೆ. ಕೈ ಇನ್ನೂ ಪೂರ್ತಿ ನನ್ನದಾಗಿಲ್ಲ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಬಾಗಿಲ ಪಕ್ಕದ ಸೀಟು ಸಿಗಲಿಲ್ಲ. ನಂಬರ್ ಪ್ರಕಾರ ನನ್ನದು ಕೊನೆಯ ಸಾಲು, ಗೋಡೆ ಮೂಲೆ. ಎದ್ದು ಹೋಗಬೇಕು ಅಂದರೆ ಮೂರು ಜನರನ್ನು ಎಬ್ಬಿಸಿಕೊಂಡು ಹೋಗಬೇಕು. ಪೇಪರ್ ಕೊಡುವ ಮೊದಲೇ ಅಂಗೈ ಒದ್ದೆ. ಕರ್ಚೀಫಿನಿಂದ ಒರೆಸಿಕೊಂಡೆ, ಮತ್ತೆ ಒದ್ದೆ.

ಮೊದಲ ಪುಟ ಹೇಗೋ ದಾಟಿದೆ. ಪಟಪಟಿಯ ಹಾಗೆ ಮನಸ್ಸಿನಲ್ಲೇ "ಒಳಗೆ ಸರ್, ಹೊರಗೆ ಸರ್" ಅಂದುಕೊಳ್ಳುತ್ತಾ ಗುರುತು ಹಾಕಿದೆ. ಎರಡನೇ ಪುಟ ತಿರುಗಿಸಿದರೆ ಕಾಯುತ್ತಾ ಕೂತಿತ್ತು ನಿನ್ನ ಬೆಕ್ಕು. ಐದು ಗ್ರಾಂ ಅಮೋನಿಯಾದಲ್ಲಿ ಎಷ್ಟು ಮೋಲ್?

ಅಮೋನಿಯಾ ಇಲ್ಲದ ಪೇಪರೇ ಇಲ್ಲ ಅಂತ ಸರ್ ಹೇಳುತ್ತಲೇ ಇದ್ದರು. ಹದಿನೇಳು ನೋಡಿದ ಮೇಲೂ ಕೈ ನಿಲ್ಲಲಿಲ್ಲ. ಎರಡು, ಒಂಬತ್ತು. ಇಲ್ಲಿ ನಿಲ್ಲಿಸು ಅಂದೆ. ನಾಲ್ಕು, ಒಂದು, ಒಂದು, ಏಳು. ನಿಲ್ಲಿಸು ಅಂದೆ. ಆರು. ಕಿವಿಯೊಳಗೆ ಗುಂಯ್ ಅನ್ನತೊಡಗಿತು. ಪಕ್ಕದವರು ಪುಟ ತಿರುಗಿಸುವ ಸದ್ದು ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ನನ್ನ ಕೈ ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದೆ. ಆಗ ಗೊತ್ತಾಯಿತು ಅಕ್ಕ, ನೀನು ಎಲ್ಲಿಗೆ ಹೋಗಿದ್ದೆ ಅಂತ. ಅಲ್ಲಿ ಯಾರೂ ಇರುವುದಿಲ್ಲ. ನೀನೂ ಇರುವುದಿಲ್ಲ.

ಬಲಗಾಲನ್ನು ಶಕ್ತಿ ಇರುವಷ್ಟೂ ನೆಲಕ್ಕೆ ಒತ್ತಿದೆ.

ಚಪ್ಪಲಿ ಜಾರಿ ಮುಂದಿನ ಬೆಂಚಿಗೆ ದಢ್ ಅಂತ ಬಡಿಯಿತು. ಮುಂದಿನ ಹುಡುಗಿ ಹೌಹಾರಿ ತಿರುಗಿದಳು. ಮೇಲ್ವಿಚಾರಕಿ ಕುರ್ಚಿಯಿಂದ ಎದ್ದು, "ಏನಮ್ಮ ಅದು ಮೂಲೇಲಿ?" ಅಂದರು. "ಬ್ರೇಕ್ ಮೇಡಂ" ಅಂದುಬಿಟ್ಟೆ. "ಏನು?" "ಏನಿಲ್ಲ ಮೇಡಂ, ಚಪ್ಪಲಿ." ಎಲ್ಲರೂ ನನ್ನನ್ನೇ ನೋಡಿದರು. ಆ ನಾಚಿಕೆಯೇ ನನ್ನನ್ನು ಎಳೆದು ವಾಪಸ್ ತಂದದ್ದು. ಪೆನ್ ಮೇಲೆದ್ದಿತ್ತು. ಭಾಗಾಕಾರದ ಮೇಲೆ ದಪ್ಪಗೆ ಒಂದು ಗೆರೆ ಎಳೆದೆ, 0.3 ಅಂತ ಬರೆದು ಸುತ್ತು ಹಾಕಿದೆ, ಮುಂದಕ್ಕೆ ಹೋದೆ. ಏನೋ ಕದ್ದ ಹಾಗೇ ಅನ್ನಿಸಿತು. ಕದ್ದುಕೊಂಡೇ ಮುಂದಕ್ಕೆ ಹೋದೆ.

ಪಾಸಾಗುತ್ತೇನೆ ಅಂತ ಇದರ ಅರ್ಥ ಅಲ್ಲ. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಟೈಮ್ ಇರಲಿಲ್ಲ. ಕೆಲವಕ್ಕೆ ಕಣ್ಣು ಮುಚ್ಚಿ ಗುರುತು ಹಾಕಿದೆ, ಕೆಲವು ಖಾಲಿ. ಕಟ್-ಆಫ್ ಈ ಕಡೆಗೋ ಆ ಕಡೆಗೋ ನನಗೆ ಗೊತ್ತಿಲ್ಲ. ರಿಸಲ್ಟ್ ಬರುವವರೆಗೂ ಈ ಹೆದರಿಕೆ ನನ್ನ ಜೊತೆಗೇ ಉಣ್ಣುತ್ತೆ, ಮಲಗುತ್ತೆ. ಆದರೆ ಕೊನೆಯ ಗಂಟೆ ಹೊಡೆದಾಗ ನಾನು ಮೂಲೆಯಲ್ಲೇ ಇದ್ದೆ ಅಕ್ಕ. ಎದ್ದು ಹೋಗಿರಲಿಲ್ಲ.

ಗೇಟಿನಲ್ಲಿ ಅಪ್ಪ ನಿಂತಿದ್ದರು. ಬೇರೆಯವರೆಲ್ಲ ನೆರಳು ನೋಡಿಕೊಂಡು ನಿಂತಿದ್ದರೆ ಇವರು ಬಿಸಿಲಲ್ಲೇ, ಬಾಗಿಲಿಗೆ ನೇರವಾಗಿ. ನನ್ನ ಮುಖವನ್ನೇ ಹುಡುಕುತ್ತಿದ್ದರು. ನಾನು ನಗಬಾರದು ಅಂತ ತುಟಿ ಕಚ್ಚಿಕೊಂಡು ಬಂದೆ. "ಎಷ್ಟು ಸರಿಯಾಗಿದೆ?" ಅಂದರು. "ಗೊತ್ತಿಲ್ಲಪ್ಪ." "ಗೊತ್ತಿಲ್ಲ ಅಂದ್ರೆ?" "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲಪ್ಪ. ಪೂರ್ತಿ ಹೊತ್ತು ಕೂತಿದ್ದೆ." ಅವರು ತಲೆ ಆಡಿಸಿ ನನ್ನ ಚೀಲ ತೆಗೆದುಕೊಂಡರು. ಅಷ್ಟೇ.

ಈಗ ಬಸ್ಸಿಗೆ ಇನ್ನೂ ಹೊತ್ತಿದೆ, ಇಬ್ಬರೂ ಕ್ಯಾಂಟೀನಿನಲ್ಲಿ ಕೂತಿದ್ದೇವೆ. ಗೆಳತಿಗೆ ಕಾಗದ ಬರೆಯುತ್ತೇನೆ ಅಂತ ಹೇಳಿದ್ದೇನೆ. ಅವರು ನನ್ನ ಪ್ರಶ್ನೆಪತ್ರಿಕೆ ಬಿಡಿಸಿಕೊಂಡು, ನಾನು ಅಂಚಿನಲ್ಲಿ ಮಾಡಿದ ಲೆಕ್ಕಗಳನ್ನು ಒಂದೊಂದಾಗಿ ನೋಡುತ್ತಾ ಬಂದರು. ಬೆರಳು ಗೆರೆ ಎಳೆದ ಜಾಗದಲ್ಲಿ ನಿಂತಿತು. "ಇದನ್ನ ಯಾಕೆ ಅರ್ಧಕ್ಕೆ ಬಿಟ್ಟೆ?" ಮುಗಿಯಲ್ಲ ಅಪ್ಪ ಅದು ಅಂದೆ. "ಮುಗಿಯದೆ ಎಲ್ಲಿಗೆ ಹೋಗುತ್ತೆ?" ಅಂತ ಜೇಬಿನಿಂದ ಪೆನ್ ತೆಗೆದು, ಮೇಜಿನ ಮೇಲೆ ಹಾಸಿದ್ದ ಹಳೇ ಪೇಪರಿನ ಅಂಚಿನಲ್ಲಿ ಶುರು ಮಾಡಿದರು. ಇದನ್ನು ಬರೆಯುವಾಗಲೂ ಎದುರಿಗೇ ಕೂತು ಭಾಗಿಸುತ್ತಿದ್ದಾರೆ. ಟೀ ಮೇಲೆ ಕೆನೆ ಕಟ್ಟಿದೆ. ಒಂದು ಅಂಚು ಮುಗಿದು ಪೇಪರ್ ತಿರುಗಿಸಿಕೊಂಡರು. ಅವರ ಬಗ್ಗಿದ ತಲೆ ನೋಡುತ್ತಾ ನನಗೆ ಭಯವಾಗುತ್ತಿದೆ. ನೀನೂ ಹೀಗೇ ಬಗ್ಗಿದ್ದಿರಬೇಕು.

ನಿನ್ನ ಆಣೆ ನೆನಪಿದೆ. ನಾನು ಬಾಯಿ ಬಿಡುವುದಿಲ್ಲ.

ಪ್ರೀತಿಯಿಂದ,
ಇಲಿಮರಿ

ತಾ.ಕ: ಬಾಯಿ ಬಿಟ್ಟೆ ಅಕ್ಕ. ಕ್ಷಮಿಸು ಅಂತ ಕೇಳಲ್ಲ, ಬೈದರೆ ಬೈಸಿಕೊಳ್ಳುತ್ತೇನೆ.

ಅಪ್ಪ ಪೆನ್ ನಿಲ್ಲಿಸಿ, "ತಿರುಗಿ ಮೊದಲಿಂದ ಬರ್ತಿದೆ ನೋಡು. ಎರಡು, ಒಂಬತ್ತು, ನಾಲ್ಕು, ಒಂದು. ಇದು ನಿಜವಾಗಲೂ ಮುಗಿಯಲ್ಲ" ಅಂದರು. ಆಮೇಲೆ ತಮಾಷೆಗೆ, "ಪರೀಕ್ಷೆ ಹಾಲ್‌ನಲ್ಲಿ ಕೂತು ಯಾರಮ್ಮ ಇದನ್ನ ಮಾಡ್ತಾರೆ?" ಅಂತ ನಕ್ಕರು. ನನ್ನ ಬಾಯಿಂದ ಜಾರಿಬಿಟ್ಟಿತು: "ನಮ್ಮನೇಲಿ ಮಾಡ್ತಾರಪ್ಪ. ಅಕ್ಕ ಮಾಡಿದ್ಳು."

ಅವರು ನಗು ನಿಲ್ಲಿಸಿದರು. ತಾವು ಬರೆದ ಅಂಕಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ಮತ್ತೊಮ್ಮೆ ನೋಡಿದರು. ನಾನು ಉಳಿದದ್ದನ್ನೂ ಹೇಳಿದೆ, ಗಂಟೆ, ಆಪ್ಶನ್ನು, ಇಳಿಯದ ಆ ನಗು, ಎಲ್ಲ. ಅವರು ಕರ್ಚೀಫ್ ತೆಗೆದು ಹತ್ತೂ ಬೆರಳು ಒರೆಸಿಕೊಂಡರು, ತೂಕದ ಪೆಟ್ಟಿಗೆ ತೆರೆಯುವ ಮೊದಲು ಒರೆಸಿಕೊಳ್ಳುತ್ತಾರಲ್ಲ, ಹಾಗೆ. ಬಸ್ಸು ಬಂತು, ಏಳಲಿಲ್ಲ. ಹೋಯಿತು, ಆಗಲೂ ಏಳಲಿಲ್ಲ. ಆಮೇಲೆ, "ಅವಳಿಗಾ ಬರೀತಿರೋದು?" ಅಂತ ಕೇಳಿದರು. ಕಾಗದವನ್ನು ಅವರ ಕಡೆ ತಿರುಗಿಸಿದೆ. ಓದಲಿಲ್ಲ. ಮೆಲ್ಲಗೆ ನನ್ನ ಕಡೆಗೇ ತಿರುಗಿಸಿಟ್ಟರು.

"ಬರೋ ಭಾನುವಾರ ಹತ್ತು ಗಂಟೆ ಸುಮಾರಿಗೆ ಬರ್ತೀನಿ ಅಂತ ಬರಿ" ಅಂದರು.

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ, "ಸುಮಾರು ಅಂದ್ರೆ ಎಷ್ಟಪ್ಪ?" ಅಂದೆ.

"ಸುಮಾರು ಅಂದ್ರೆ ಸುಮಾರಮ್ಮ" ಅಂದರು. "ಅಷ್ಟೇ ಬರಿ."

ಬರೆದಿದ್ದೇನೆ.